ಕರುಳಿನ ಕೀಹೋಲ್ ಆಪರೇಷನ್‌ಗೆ ಮುಂಚೆ: ಯಾವ ಆಯ್ಕೆ, ಯಾರಿಗೆ?

ಕರುಳಿನ ಒಂದು ಭಾಗ ತೆಗೆಯಬೇಕು ಅಂತ ಡಾಕ್ಟರ್ ಹೇಳಿದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ರೋಬೋಟಿನದು. ರೋಬೋಟಿನಲ್ಲಿ ಮಾಡಿಸಿದರೆ ಒಳ್ಳೆಯದಾ, ಲ್ಯಾಪರೋಸ್ಕೋಪಿ ಸಾಕಾ? ನನ್ನ ಅಕ್ಕನಿಗೆ ದೊಡ್ಡ ಕರುಳಿನ ಆಪರೇಷನ್ ಅಂತ ಗೊತ್ತಾದಾಗ ನಾವೂ ಒಂದು ವಾರ ಪೂರ್ತಿ ಇದನ್ನೇ ಮಾತಾಡಿದೆವು. ಅವಳ ಹಿಮೋಗ್ಲೋಬಿನ್ ಕಡಿಮೆ ಇದೆ ಅನ್ನುವ ರಿಪೋರ್ಟ್ ಅದೇ ವಾರ ಮೇಜಿನ ಮೇಲೇ ಬಿದ್ದಿತ್ತು. ಅದರ ಬಗ್ಗೆ ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾವು ರೋಬೋಟಿಗಿಂತ ಆ ರಿಪೋರ್ಟಿಗೆ ಜಾಸ್ತಿ ಗಮನ ಕೊಡಬೇಕಿತ್ತು.

ಆಪರೇಷನ್‌ಗೆ ಮುಂಚೆ ಎದುರಾಗುವ ಆಯ್ಕೆಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡೋಣ. ಕೆಲವು ಸರ್ಜನ್ ಮಾಡುವ ಆಯ್ಕೆಗಳು, ಕೆಲವು ನಮ್ಮ ಕೈಯಲ್ಲಿರುವವು. ಇದೆಲ್ಲ ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗೆ ಹೊಂದುವ ಮಾತು. ಕರುಳು ಪೂರ್ತಿ ಕಟ್ಟಿಕೊಂಡಿದ್ದರೆ ಅಥವಾ ತೂತಾಗಿದ್ದರೆ ಇಷ್ಟು ಯೋಚಿಸಲು ಸಮಯವೇ ಇರುವುದಿಲ್ಲ.

ತೆರೆದ ಆಪರೇಷನ್, ಲ್ಯಾಪರೋಸ್ಕೋಪಿ, ರೋಬೋಟ್

ತೆರೆದ ಆಪರೇಷನ್‌ನಲ್ಲಿ ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದು ಕೈ ಹಾಕಿ ಕೆಲಸ ಮಾಡುತ್ತಾರೆ. ಲ್ಯಾಪರೋಸ್ಕೋಪಿಯಲ್ಲಿ 5ರಿಂದ 12 ಮಿಲಿಮೀಟರಿನ ನಾಲ್ಕೈದು ತೂತುಗಳು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಸಲಕರಣೆ ಇಳಿಸುತ್ತಾರೆ. ಕೊನೆಗೆ ಕತ್ತರಿಸಿದ ಕರುಳನ್ನು ಹೊರತೆಗೆಯಲು ಕೆಲವು ಸೆಂಟಿಮೀಟರಿನ ಒಂದು ಕೊಯ್ತ ಸಾಮಾನ್ಯವಾಗಿ ಬೇಕೇ ಬೇಕು. ಕೀಹೋಲ್, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್ ಆದರೂ ಒಂದು ಗಾಯ ಸ್ವಲ್ಪ ದೊಡ್ಡದಿರುತ್ತೆ ಅನ್ನುವುದು ಮೊದಲೇ ಗೊತ್ತಿದ್ದರೆ ಬ್ಯಾಂಡೇಜ್ ಬಿಚ್ಚಿದ ದಿನ ಗಾಬರಿಯಾಗುವುದಿಲ್ಲ. ಆ ಕೊಯ್ತ ಎಲ್ಲಿ ಬರುತ್ತೆ ಅಂತಲೂ ಕೇಳಿ. ಸಾಧ್ಯವಿರುವ ಕಡೆ ಹೊಕ್ಕುಳಿನ ಕೆಳಗೆ ಅಡ್ಡಡ್ಡ ಕೊಯ್ದರೆ, ನಡುವೆ ಉದ್ದಕ್ಕೆ ಕೊಯ್ದದ್ದಕ್ಕಿಂತ ಮುಂದೆ ಹರ್ನಿಯಾ ಆಗುವ ಸಂಭವ ಕಡಿಮೆ.

ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅದೂ ತೂತುಗಳ ಮೂಲಕವೇ ಮಾಡುವ ಆಪರೇಷನ್. ಸರ್ಜನ್ ಅದೇ ಕೋಣೆಯ ಒಂದು ಕನ್ಸೋಲಿನಲ್ಲಿ ಕೂತು ಅದರ ತೋಳುಗಳನ್ನು ಆಡಿಸುತ್ತಾರೆ. ಸಲಕರಣೆಯ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತೆ, ಕ್ಯಾಮೆರಾ ಆಳವನ್ನೂ ತೋರಿಸುತ್ತೆ. ಇಕ್ಕಟ್ಟಿನ ಜಾಗದಲ್ಲಿ ಇದು ನಿಜವಾದ ಅನುಕೂಲ.

ಲ್ಯಾಪರೋಸ್ಕೋಪಿಯಲ್ಲಿ ದೊಡ್ಡ ಕರುಳು ತೆಗೆದ ಮೊದಲ ವರದಿಗಳು ಬಂದದ್ದು 1991ರಲ್ಲಿ. ಶುರುವಿನಲ್ಲಿ ಒಂದು ಭಯ ಇತ್ತು: ಕ್ಯಾನ್ಸರ್ ಇದ್ದವರಲ್ಲಿ ಆ ತೂತುಗಳ ಜಾಗದಲ್ಲೇ ಗೆಡ್ಡೆ ಮತ್ತೆ ಬಂದರೆ? 872 ಜನರನ್ನು ಸೇರಿಸಿಕೊಂಡ ಅಮೆರಿಕದ ಕಾಸ್ಟ್ ಅಧ್ಯಯನ 2004ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಮೂರು ವರ್ಷದ ಲೆಕ್ಕದಲ್ಲಿ ಕ್ಯಾನ್ಸರ್ ಮರಳಿದ್ದು ಲ್ಯಾಪರೋಸ್ಕೋಪಿ ಗುಂಪಿನಲ್ಲಿ ಶೇಕಡಾ 16, ತೆರೆದ ಆಪರೇಷನ್ ಗುಂಪಿನಲ್ಲಿ ಶೇಕಡಾ 18. ಅಂದರೆ ಹೆಚ್ಚುಕಮ್ಮಿ ಒಂದೇ. ಆಸ್ಪತ್ರೆಯಲ್ಲಿ ಉಳಿದದ್ದು ಮಾತ್ರ 6 ದಿನದ ಬದಲು 5 ದಿನ. ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ದೊಡ್ಡ ಕರುಳಿನ ಮಟ್ಟಿಗೆ ತೆರೆದದ್ದಾ, ಕೀಹೋಲಾ ಅನ್ನುವ ಪ್ರಶ್ನೆಗೆ ಹೆಚ್ಚಿನವರಿಗೆ ಉತ್ತರ ಸಿಕ್ಕಿದೆ. ದೇಹ ತಡೆಯುತ್ತೆ, ಸರ್ಜನ್‌ಗೆ ಅಭ್ಯಾಸ ಇದೆ ಅಂದರೆ ಕೀಹೋಲ್.

ಲ್ಯಾಪರೋಸ್ಕೋಪಿಯಾ, ರೋಬೋಟಾ ಅನ್ನುವುದು ಇಷ್ಟು ಸುಲಭವಲ್ಲ. ಗುದನಾಳದ ಕ್ಯಾನ್ಸರ್ ಇದ್ದ 471 ಜನರ ಮೇಲೆ ನಡೆದ ರೋಲಾರ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದದ್ದು ರೋಬೋಟ್ ಗುಂಪಿನಲ್ಲಿ ಶೇಕಡಾ 8, ಲ್ಯಾಪರೋಸ್ಕೋಪಿ ಗುಂಪಿನಲ್ಲಿ ಶೇಕಡಾ 12. ಈ ಅಂತರ ಆಕಸ್ಮಿಕವೂ ಆಗಿರಬಹುದು ಅನ್ನುವಷ್ಟು ಸಣ್ಣದು. 2022ರಲ್ಲಿ ಚೀನಾದಿಂದ ಇನ್ನೂ ದೊಡ್ಡ ಅಧ್ಯಯನ ಬಂತು. ಅದರಲ್ಲಿದ್ದವರು ನುರಿತ ಸರ್ಜನ್‌ಗಳು, ಗೆಡ್ಡೆ ಇದ್ದದ್ದು ಗುದನಾಳದ ಮಧ್ಯ ಮತ್ತು ಕೆಳಭಾಗದಲ್ಲಿ. ಅಲ್ಲಿ ಮೊದಲ ತಿಂಗಳ ತೊಂದರೆಗಳು ಲ್ಯಾಪರೋಸ್ಕೋಪಿಯಲ್ಲಿ ಶೇಕಡಾ 23 ಇದ್ದದ್ದು ರೋಬೋಟಿನಲ್ಲಿ 16 ಆಯಿತು. ಎರಡನ್ನೂ ಓದಿದರೆ ನನಗೆ ಅನಿಸುವುದು ಇಷ್ಟು. ಗೆಡ್ಡೆ ಗುದನಾಳದ ಕೆಳಗಿದ್ದು ಸೊಂಟದ ಗೂಡು ಕಿರಿದಾಗಿದ್ದರೆ, ರೋಬೋಟಿನಲ್ಲಿ ಕೈ ಪಳಗಿದ ಸರ್ಜನ್ ಸಿಕ್ಕರೆ, ರೋಬೋಟ್ ಆರಿಸಿಕೊಳ್ಳಲು ಕಾರಣ ಇದೆ. ದೊಡ್ಡ ಕರುಳಿನ ಬಲಭಾಗ ಅಥವಾ ಎಡಭಾಗ ತೆಗೆಯುವುದಾದರೆ ಲ್ಯಾಪರೋಸ್ಕೋಪಿ ಚೆನ್ನಾಗಿ ಬರುವವರನ್ನು ಬಿಟ್ಟು ರೋಬೋಟ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಸರ್ಜನ್ ಹತ್ತಿರ ಯಂತ್ರದ ಹೆಸರು ಕೇಳುವ ಬದಲು ಇದನ್ನು ಕೇಳಿ: ಇದೇ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಅದರಲ್ಲಿ ಎಷ್ಟು ಜನಕ್ಕೆ ನಡುವೆ ಹೊಟ್ಟೆ ತೆರೆಯಬೇಕಾಯಿತು? ಕರುಳು ಜೋಡಿಸಿದ ಕಡೆ ಎಷ್ಟು ಜನಕ್ಕೆ ಸೋರಿತು? ಒಳ್ಳೆಯ ಸರ್ಜನ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಂದೆ ಹೊಟ್ಟೆಯ ಆಪರೇಷನ್‌ಗಳಾಗಿ ಒಳಗೆಲ್ಲ ಅಂಟಿಕೊಂಡಿದ್ದರೆ, ಗೆಡ್ಡೆ ಪಕ್ಕದ ಅಂಗಕ್ಕೂ ಹಿಡಿದಿದ್ದರೆ, ಹೃದಯ ಅಥವಾ ಶ್ವಾಸಕೋಶ ಗ್ಯಾಸಿನ ಒತ್ತಡ ತಡೆಯದಿದ್ದರೆ, ತೆರೆದ ಆಪರೇಷನ್ನೇ ಸರಿ ಇರಬಹುದು. ಕೀಹೋಲಿನಲ್ಲಿ ಶುರು ಮಾಡಿ ನಡುವೆ ಹೊಟ್ಟೆ ತೆರೆದರೆ ಅದನ್ನು ಸೋಲು ಅಂದುಕೊಳ್ಳಬೇಡಿ. ಅಪಾಯ ಕಂಡಾಗ ಹಟ ಮಾಡದೆ ದಾರಿ ಬದಲಿಸಿದ್ದಾರೆ ಅಂತಲೇ ಅದರ ಅರ್ಥ. ಒಪ್ಪಿಗೆ ಪತ್ರದಲ್ಲಿ ಈ ಸಾಲು ಇದ್ದೇ ಇರುತ್ತೆ, ಓದಿಕೊಂಡು ಸಹಿ ಹಾಕಿ.

ಒಂದು ಸಣ್ಣ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೀಹೋಲಿನಲ್ಲಿ ಸರ್ಜನ್‌ಗೆ ಬೆರಳಿನಿಂದ ಮುಟ್ಟಿ ನೋಡಲು ಆಗುವುದಿಲ್ಲ. ಹಾಗಾಗಿ ಸಣ್ಣ ಗೆಡ್ಡೆ ಇದ್ದರೆ ಕೊಲೊನೋಸ್ಕೋಪಿ (ಗುದದಿಂದ ಕ್ಯಾಮೆರಾ ನಳಿಕೆ ಹಾಕಿ ಕರುಳು ನೋಡುವ ಪರೀಕ್ಷೆ) ಮಾಡುವಾಗಲೇ ಕರುಳಿನ ಗೋಡೆಗೆ ಶಾಯಿ ಚುಚ್ಚಿ ಗುರುತು ಹಾಕಿರಬೇಕು. "ನನ್ನದಕ್ಕೆ ಗುರುತು ಹಾಕಿದ್ದಾರಾ?" ಅಂತ ಒಮ್ಮೆ ಕೇಳಿಬಿಡಿ.

ಕರುಳು ತೊಳೆಯುವುದಾ, ಬೇಡವಾ?

ಆಸ್ಪತ್ರೆಯಿಂದ ಆಸ್ಪತ್ರೆಗೆ ಹೆಚ್ಚು ಬದಲಾಗುವುದು ಇದೇ. ಪಕ್ಕದ ಬೆಡ್ಡಿನವರಿಗೆ ಭೇದಿ ಔಷಧಿ ಕೊಟ್ಟಿರುತ್ತಾರೆ, ನಿಮಗೆ ಕೊಟ್ಟಿರುವುದಿಲ್ಲ. ಮರೆತರೇನೋ ಅನಿಸುತ್ತೆ, ಅಲ್ವಾ? ನಿಜವಾಗಿ ನಾಲ್ಕು ದಾರಿಗಳಿವೆ: ಏನೂ ಮಾಡದಿರುವುದು, ಬರೀ ಭೇದಿ ಮಾಡಿಸುವುದು, ಭೇದಿಯ ಜೊತೆಗೆ ಆಂಟಿಬಯೋಟಿಕ್ ಮಾತ್ರೆ ಕೊಡುವುದು, ಬರೀ ಮಾತ್ರೆ ಕೊಡುವುದು.

ಬರೀ ಭೇದಿ ಮಾಡಿಸುವುದಕ್ಕೆ ದೊಡ್ಡ ಕರುಳಿನ ಆಪರೇಷನ್‌ನಲ್ಲಿ ಈಗ ಆಧಾರ ಇಲ್ಲ. ಮಲ ಖಾಲಿಯಾದರೆ ಸೋಂಕು ಕಡಿಮೆಯಾಗುತ್ತೆ ಅಂತ ದಶಕಗಳ ಕಾಲ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಆ ಲಾಭ ಕಾಣಲಿಲ್ಲ. ನೀರು, ಉಪ್ಪಿನಂಶ ಕಳೆದುಕೊಂಡು ಸುಸ್ತಾಗಿ ಆಪರೇಷನ್ ಕೋಣೆಗೆ ಹೋಗುವುದಂತೂ ಖಚಿತ.

ಭೇದಿ ಮತ್ತು ಮಾತ್ರೆ ಎರಡೂ ಸೇರಿದರೆ ಕಥೆ ಬೇರೆ. ಕರುಳು ಖಾಲಿಯಾದ ಮೇಲೆ ನಿಯೋಮೈಸಿನ್, ಮೆಟ್ರೊನಿಡಜೋಲ್ ತರಹದ ಮಾತ್ರೆಗಳು ಒಳಗಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತವೆ. ಅಮೆರಿಕದ ಕರುಳು ಸರ್ಜನ್‌ಗಳ ಸಂಘ 2019ರ ಮಾರ್ಗಸೂಚಿಯಲ್ಲಿ ಎರಡನ್ನೂ ಸೇರಿಸಿ ಕೊಡಲು ಹೇಳಿತು. ಅದೇ ವರ್ಷ ಫಿನ್‌ಲೆಂಡಿನ ಮೊಬೈಲ್ ಅಧ್ಯಯನ ಸುಮಾರು 400 ಜನರಲ್ಲಿ ಈ ಜೋಡಿಯನ್ನೂ ಏನೂ ಮಾಡದಿರುವುದನ್ನೂ ಹೋಲಿಸಿತು. ದೊಡ್ಡ ಕರುಳಿನ ಆಪರೇಷನ್‌ನಲ್ಲಿ ಗಾಯದ ಸೋಂಕು ಶೇಕಡಾ 7 ಮತ್ತು 11. ಖಚಿತವಾಗಿ ಲಾಭ ಇದೆ ಅನ್ನುವಷ್ಟು ಅಂತರ ಅಲ್ಲ. ಮರುವರ್ಷ ಸ್ಪೇನಿನ ಐದು ಆಸ್ಪತ್ರೆಗಳ ಅಧ್ಯಯನ ಬರೀ ಮಾತ್ರೆಗಳನ್ನು ಪರೀಕ್ಷಿಸಿತು. ಭೇದಿ ಇಲ್ಲ, ಹಿಂದಿನ ದಿನ ಮಾತ್ರೆ ಮಾತ್ರ. ಸೋಂಕು ಶೇಕಡಾ 11ರಿಂದ 5ಕ್ಕೆ ಇಳಿಯಿತು. ಮುಂದೆ ಫಿನ್‌ಲೆಂಡಿನವರೇ ಗುದನಾಳದ ಆಪರೇಷನ್‌ಗಳನ್ನು ನೋಡಿದಾಗ, ಭೇದಿಯ ಜೊತೆ ಮಾತ್ರೆ ಸೇರಿಸಿದವರಿಗೆ ಸೋಂಕು ಕಡಿಮೆ ಇತ್ತು.

ಇಷ್ಟರಿಂದ ಆಯ್ಕೆ ಹೀಗೆ ಬೀಳುತ್ತೆ. ಗುದನಾಳದ ಆಪರೇಷನ್ ಆದರೆ, ಅದರಲ್ಲೂ ತಾತ್ಕಾಲಿಕ ಸ್ಟೋಮಾ (ಹೊಟ್ಟೆಯ ಮೇಲೆ ಮಲ ಬರುವ ಬಾಯಿ) ಮಾಡುವುದಿದ್ದರೆ, ಭೇದಿ ಮತ್ತು ಮಾತ್ರೆ ಎರಡೂ. ಸಣ್ಣ ಕರುಳಿಗೆ ಸಾಮಾನ್ಯವಾಗಿ ಯಾವುದೂ ಬೇಡ. ಇವೆರಡರ ನಡುವೆ ಇರುವ ದೊಡ್ಡ ಕರುಳಿಗೆ ಸರ್ಜನ್ ಏನು ಹೇಳುತ್ತಾರೋ ಅದು. ಬರೀ ಭೇದಿ ಔಷಧಿ ಬರೆದು ಮಾತ್ರೆ ಬರೆಯದಿದ್ದರೆ ಮಾತ್ರ "ಮಾತ್ರೆ ಬೇಡವಾ?" ಅಂತ ಕೇಳಿ. ಕರುಳು ಕಿರಿದಾಗಿ ಮಲ ಕಷ್ಟದಿಂದ ಹೋಗುತ್ತಿದ್ದರೆ ಭೇದಿ ಔಷಧಿ ಕುಡಿಯುವುದೇ ಅಪಾಯ. ಹೊಟ್ಟೆ ಉಬ್ಬುತ್ತಿದೆ, ವಾಂತಿ ಬರುತ್ತಿದೆ ಅಂದರೆ ಕುಡಿಯುವುದನ್ನು ನಿಲ್ಲಿಸಿ ತಕ್ಷಣ ಫೋನ್ ಮಾಡಿ.

ಭೇದಿ ಔಷಧಿಗಳಲ್ಲೂ ವ್ಯತ್ಯಾಸ ಇದೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನಾಲ್ಕು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯಬೇಕು. ಆಸ್ಕಾರ್ಬಿಕ್ ಆಮ್ಲ ಸೇರಿದ ಬಗೆಯಾದರೆ ಎರಡು ಲೀಟರ್ ಸಾಕು, ಮೇಲೆ ಬರೀ ನೀರು ಕುಡಿಯಬೇಕು. ಪ್ರಮಾಣ ಜಾಸ್ತಿ, ರುಚಿ ಉಪ್ಪುಪ್ಪು, ಆದರೆ ದೇಹದ ಲವಣಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಇದೇ ಮೇಲು. ಸೋಡಿಯಂ ಪಿಕೊಸಲ್ಫೇಟ್ ಮತ್ತು ಮೆಗ್ನೀಸಿಯಂ ಇರುವ ಪೊಟ್ಟಣ ಒಂದು ಲೋಟದಲ್ಲಿ ಮುಗಿಯುತ್ತೆ, ಕುಡಿಯಲು ಸುಲಭ. ಆದರೆ ಅದರ ಜೊತೆ ಸಾಕಷ್ಟು ದ್ರವ ಕುಡಿಯಲೇಬೇಕು, ಕಿಡ್ನಿ ದುರ್ಬಲವಾಗಿದ್ದರೆ ಅದು ಬೇಡ. ಕುಡಿಯುವ ಸೋಡಿಯಂ ಫಾಸ್ಫೇಟ್ ಬಗ್ಗೆ 2008ರಲ್ಲಿ ಅಮೆರಿಕದ ಔಷಧ ಇಲಾಖೆ ಕಿಡ್ನಿ ಹಾನಿಯ ಎಚ್ಚರಿಕೆ ಕೊಟ್ಟಿತ್ತು. ಯಾರಾದರೂ ಹಳೆಯ ಚೀಟಿ ನೋಡಿ ಅದನ್ನೇ ತಂದುಕೊಟ್ಟರೆ ಸುಮ್ನೆ ಕುಡಿಯಬೇಡಿ, ಕೇಳಿ.

ಕುಡಿಯುವ ದಿನ ನಮಗೆ ಉಪಯೋಗಕ್ಕೆ ಬಂದ ಒಂದೆರಡು ಮಾತು. ಔಷಧಿಯನ್ನು ತಣ್ಣಗೆ ಮಾಡಿ ಸ್ಟ್ರಾದಲ್ಲಿ ಕುಡಿದರೆ ರುಚಿ ಅಷ್ಟು ಕಾಡುವುದಿಲ್ಲ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಿ. ಗುದದ ಸುತ್ತ ಮೊದಲೇ ವ್ಯಾಸಲೀನ್ ಹಚ್ಚಿಕೊಂಡರೆ ಚರ್ಮ ಉರಿಯುವುದಿಲ್ಲ. ಈ ಕೊನೆಯದನ್ನು ನಮಗೆ ಹೇಳಿಕೊಟ್ಟದ್ದು ನರ್ಸ್. ಅಕ್ಕ ಇವತ್ತಿಗೂ ಅವರನ್ನು ನೆನೆಯುತ್ತಾಳೆ. ಫಿಟ್ಸಿಗೆ ಅಥವಾ ಗರ್ಭ ತಡೆಯಲು ಮಾತ್ರೆ ತೆಗೆದುಕೊಳ್ಳುವವರು ನೆನಪಿಡಿ: ಭೇದಿಯ ಹೊತ್ತಿನಲ್ಲಿ ನುಂಗಿದ ಮಾತ್ರೆ ಮೈಗೆ ಸೇರದೆ ಹೊರಗೆ ಹೋಗಬಹುದು. ಯಾವಾಗ ತೆಗೆದುಕೊಳ್ಳಬೇಕು ಅಂತ ಕೇಳಿಟ್ಟುಕೊಳ್ಳಿ.

ರಾತ್ರಿಯಿಂದ ಉಪವಾಸವಾ, ಎರಡು ಗಂಟೆ ಮುಂಚಿನವರೆಗೆ ನೀರಾ?

ಅಕ್ಕನಿಗೆ ರಾತ್ರಿ 12ರಿಂದ ನೀರೂ ಬೇಡ ಅಂದಿದ್ದರು. ಆಪರೇಷನ್ ಆದದ್ದು ಮರುದಿನ ಮಧ್ಯಾಹ್ನ 3ಕ್ಕೆ. ಹದಿನೈದು ಗಂಟೆ ಬಾಯಾರಿಕೊಂಡು, ತಲೆನೋವಿನಲ್ಲಿ ಕೂತಿದ್ದಳು. ಅದರ ಅಗತ್ಯ ಇತ್ತಾ ಅಂತ ನಾನು ಕೇಳಲಿಲ್ಲ, ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ಅರಿವಳಿಕೆ ತಜ್ಞರ ಮಾರ್ಗಸೂಚಿಗಳು ಬಹಳ ವರ್ಷಗಳಿಂದ ಹೇಳುತ್ತಿರುವುದು ಬೇರೆ. ಹಗುರ ಊಟಕ್ಕೆ 6 ಗಂಟೆ, ತಿಳಿ ದ್ರವಕ್ಕೆ 2 ಗಂಟೆ. ಜಿಡ್ಡಿನ, ಭಾರದ ಊಟವಾದರೆ ಇನ್ನೂ ಜಾಸ್ತಿ ಹೊತ್ತು ಬಿಡಬೇಕು. ತಿಳಿ ದ್ರವ ಅಂದರೆ ನೀರು, ತಿರುಳಿಲ್ಲದ ಜ್ಯೂಸ್, ಹಾಲು ಹಾಕದ ಟೀ ಅಥವಾ ಕಾಫಿ. ಹಾಲು ಊಟದ ಲೆಕ್ಕಕ್ಕೆ ಬರುತ್ತೆ. ಕೆಲವು ಕಡೆ ಆಪರೇಷನ್‌ಗೆ ಎರಡು ಮೂರು ಗಂಟೆ ಮುಂಚೆ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ 400 ಮಿಲಿ ಪಾನೀಯ ಕೊಡುತ್ತಾರೆ. ಅದರಿಂದ ಬಾಯಾರಿಕೆ, ಹಸಿವು, ಕಳವಳ ಕಡಿಮೆಯಾಗುತ್ತೆ. ಗಾಯ ಬೇಗ ಮಾಯುತ್ತೆ ಅನ್ನುವಂಥ ದೊಡ್ಡ ಮಾತು ಬೇಡ. ಪಾನೀಯ ಸಿಗದಿದ್ದರೆ ಬೇಜಾರಿಲ್ಲ, ನೀರು ಸಿಕ್ಕರೆ ಸಾಕು.

ಶುಗರ್ ಇರುವವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ, ಕರುಳು ಕಟ್ಟಿಕೊಂಡವರಿಗೆ ಈ ಎರಡು ಗಂಟೆಯ ಲೆಕ್ಕ ಹಾಗೇ ಹೊಂದುವುದಿಲ್ಲ. ತೂಕ ಇಳಿಸಲು ಅಥವಾ ಶುಗರಿಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ತರಹದ ಇಂಜೆಕ್ಷನ್ ಚುಚ್ಚಿಕೊಳ್ಳುವವರೂ ಇದೇ ಗುಂಪು. ಅದನ್ನು ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು.

ತಕ್ಷಣ ಮಾಡಿಸುವುದಾ, ನಾಲ್ಕು ವಾರ ಮೈ ತಯಾರು ಮಾಡಿಕೊಳ್ಳುವುದಾ?

ನನ್ನ ಪ್ರಕಾರ ಎಲ್ಲಕ್ಕಿಂತ ತೂಕದ ಆಯ್ಕೆ ಇದು. ಕ್ಯಾನ್ಸರ್ ಅಂದ ತಕ್ಷಣ ನಾಳೆಯೇ ತೆಗೆದುಬಿಡಿ ಅನಿಸುವುದು ಸಹಜ. ಆದರೆ ಪರೀಕ್ಷೆಗಳು, ದಿನಾಂಕ ಅಂತ ಹೇಗೂ ಕೆಲವು ವಾರ ಹೋಗುತ್ತವೆ. ಆ ವಾರಗಳನ್ನು ಕಾಯುತ್ತಾ ಕೂರಬಹುದು, ಇಲ್ಲವೇ ಬಳಸಿಕೊಳ್ಳಬಹುದು.

2023ರಲ್ಲಿ ಪ್ರಕಟವಾದ ಪ್ರೀಹ್ಯಾಬ್ ಅನ್ನುವ ಅಧ್ಯಯನ 251 ಜನರನ್ನು ನೋಡಿತು. ಒಂದು ಗುಂಪಿಗೆ ಆಪರೇಷನ್‌ಗೆ ಮುಂಚಿನ ನಾಲ್ಕು ವಾರ, ವಾರಕ್ಕೆ ಮೂರು ದಿನ ಮೇಲ್ವಿಚಾರಣೆಯಲ್ಲಿ ವ್ಯಾಯಾಮ, ಪ್ರೋಟೀನ್, ಮನಸ್ಸಿಗೆ ಬೆಂಬಲ, ಸಿಗರೇಟ್ ಬಿಡಲು ಸಹಾಯ. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ತೀವ್ರ ತೊಂದರೆ ಆದದ್ದು ಎಂದಿನ ಆರೈಕೆಯಲ್ಲಿ ಶೇಕಡಾ 30ರಷ್ಟು, ತಯಾರಾದವರಲ್ಲಿ 17ರಷ್ಟು. ಇಷ್ಟು ದೊಡ್ಡ ಅಂತರ ರೋಬೋಟ್ ಅಧ್ಯಯನಗಳಲ್ಲಿ ನಾನು ಕಂಡಿಲ್ಲ.

ಅಂಥ ಕಾರ್ಯಕ್ರಮ ಎಲ್ಲ ಕಡೆ ಇರುವುದಿಲ್ಲ. ಇಲ್ಲದಿದ್ದರೂ ಮಾಡಬಹುದಾದದ್ದು ಬಹಳ ಇದೆ. ದಿನಾ ಉಸಿರು ಸ್ವಲ್ಪ ಏರುವಷ್ಟು ನಡಿಗೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ, ದಿನಕ್ಕೆ ಎರಡು ಮೂರು ಸರ್ತಿ. ಪ್ರತಿ ಊಟದಲ್ಲೂ ಪ್ರೋಟೀನ್. ಹೃದಯದ ತೊಂದರೆ ಇದ್ದರೆ ಎಷ್ಟು ಮಾಡಬಹುದು ಅಂತ ಕೇಳಿಕೊಂಡು ಶುರು ಮಾಡಿ. ಸಿಗರೇಟ್ ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯಕ್ಕೂ ಶ್ವಾಸಕೋಶಕ್ಕೂ ಲಾಭ ಖಚಿತ. ತಡವಾಯಿತು ಅಂತ ಬಿಡದೆ ಇರಬೇಡಿ.

ಇನ್ನು ಹಿಮೋಗ್ಲೋಬಿನ್. ಕರುಳಿನ ಗೆಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುತ್ತಿರುತ್ತೆ, ಹಾಗಾಗಿ ಕಬ್ಬಿಣಾಂಶದ ಕೊರತೆ ಇಲ್ಲಿ ತುಂಬಾ ಸಾಮಾನ್ಯ. ಕಬ್ಬಿಣದ ಮಾತ್ರೆಯಾ, ರಕ್ತನಾಳಕ್ಕೆ ಡ್ರಿಪ್ಪಾ? ಒಂದೂವರೆ ಎರಡು ತಿಂಗಳಿದ್ದರೆ, ಮಾತ್ರೆ ಹೊಟ್ಟೆಗೆ ಒಗ್ಗಿದರೆ, ಮಾತ್ರೆ ಸಾಕು. ಮೂರು ನಾಲ್ಕು ವಾರವೇ ಇದ್ದರೆ ಡ್ರಿಪ್ ವಾಸಿ, ಅದು ಬೇಗ ಕೆಲಸ ಮಾಡುತ್ತೆ. ಮಾತ್ರೆಯಿಂದ ಮಲಬದ್ಧತೆ ಆಗುವುದೂ ಇದೆ, ಕರುಳು ಕಿರಿದಾದವರಿಗೆ ಅದು ದೊಡ್ಡ ತಲೆನೋವು. ಆದರೆ ಹಿಮೋಗ್ಲೋಬಿನ್ ಕಡಿಮೆ ಇದ್ದು ಹೊಟ್ಟೆಯ ದೊಡ್ಡ ಆಪರೇಷನ್ ಆಗುವ ಎಲ್ಲರಿಗೂ ಡ್ರಿಪ್ ಕೊಟ್ಟರೆ ರಕ್ತ ಹಾಕಿಸುವ ಅಗತ್ಯ ತಪ್ಪುತ್ತೆ ಅನ್ನುವುದನ್ನು 2020ರ ಪ್ರಿವೆಂಟ್ ಅಧ್ಯಯನ ತೋರಿಸಲಿಲ್ಲ. ಹಾಗಾಗಿ ಮೊದಲು ಮೈಯಲ್ಲಿ ಕಬ್ಬಿಣಾಂಶ ಎಷ್ಟು ಸಂಗ್ರಹ ಇದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕೊರತೆ ಇದೆ ಅಂತ ಗೊತ್ತಾದ ಮೇಲೆ ಡ್ರಿಪ್ ಬಗ್ಗೆ ಮಾತಾಡಿ.

ಮಾತ್ರೆಗಳು

ಇಲ್ಲಿ ಸ್ವಂತ ಆಯ್ಕೆಗೆ ಜಾಗ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಲ್ಲಿ ವಾರ್ಫರಿನ್ ಸಾಮಾನ್ಯವಾಗಿ 5 ದಿನ, ಕ್ಲೋಪಿಡೋಗ್ರೆಲ್ 5ರಿಂದ 7 ದಿನ ಮುಂಚೆ ನಿಲ್ಲಿಸುತ್ತಾರೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿದವರು ತಾವಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಶುಗರಿನ ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆಗಳನ್ನು 3 ದಿನ ಮುಂಚೆಯೇ ಬಿಡಿಸಬೇಕು, ಇದು ಬಹಳ ಸಲ ತಪ್ಪಿಹೋಗುತ್ತೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಬರೆದು, ಯಾವುದು ಯಾವ ದಿನ ನಿಲ್ಲಬೇಕು ಅಂತ ಡಾಕ್ಟರ್ ಕೈಯಲ್ಲೇ ಅದರ ಮೇಲೆ ಬರೆಸಿಕೊಳ್ಳಿ.

ನೋವಿಗೆ ಯಾವ ದಾರಿ?

ತೆರೆದ ಆಪರೇಷನ್‌ಗೆ ಬೆನ್ನಿನಲ್ಲಿ ನೋವಿನ ಔಷಧಿ ಹರಿಸುವ ಎಪಿಡ್ಯೂರಲ್ ನಳಿಕೆ ಇಡುವುದು ಇವತ್ತಿಗೂ ಒಳ್ಳೆಯ ದಾರಿ. ಕೀಹೋಲಿಗೆ ಅದು ಸಾಮಾನ್ಯವಾಗಿ ಬೇಡ. ಬಿಪಿ ಇಳಿಯುತ್ತೆ, ಎದ್ದು ನಡೆಯುವುದು ತಡವಾಗುತ್ತೆ. ಬದಲಿಗೆ ಬೆನ್ನಿಗೆ ಒಂದೇ ಸಲ ಕೊಡುವ ಸ್ಪೈನಲ್ ಇಂಜೆಕ್ಷನ್, ಅಥವಾ ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುವ ಟ್ಯಾಪ್ ಬ್ಲಾಕ್, ಜೊತೆಗೆ ಪ್ಯಾರಾಸಿಟಮಾಲ್. ಮಾರ್ಫಿನ್ ಜಾಸ್ತಿಯಾದಷ್ಟೂ ಕರುಳು ಮತ್ತೆ ಕೆಲಸ ಶುರು ಮಾಡುವುದು ತಡ. ಭುಜ ನೋವು ಬಂದರೆ ಹೆದರಬೇಡಿ. ಒಳಗೆ ತುಂಬಿದ ಗ್ಯಾಸಿನಿಂದ ಬರುವ ನೋವು ಅದು, ಒಂದೆರಡು ದಿನದಲ್ಲಿ ಹೋಗುತ್ತೆ.

ಸ್ಟೋಮಾದ ಗುರುತು

ಹೊಟ್ಟೆಯ ಮೇಲೆ ಮಲ ಬರುವ ಬಾಯಿ ಮಾಡುವ ಸಾಧ್ಯತೆ ಸ್ವಲ್ಪ ಇದ್ದರೂ ಆಪರೇಷನ್‌ಗೆ ಮುಂಚೆಯೇ ಜಾಗ ಗುರುತು ಮಾಡಿಸಿ. ಮಲಗಿ, ಕೂತು, ನಿಂತು, ಬಗ್ಗಿ ನೋಡಿ ಗುರುತು ಹಾಕಬೇಕು. ಉಡುಪಿನ ಸೊಂಟಪಟ್ಟಿ ಎಲ್ಲಿ ಬರುತ್ತೆ, ಚರ್ಮದ ಮಡಿಕೆ ಎಲ್ಲಿದೆ, ನಿಮ್ಮ ಕಣ್ಣಿಗೆ ಆ ಜಾಗ ಕಾಣುತ್ತಾ ಅನ್ನುವುದೆಲ್ಲ ಮುಖ್ಯ. ಮಡಿಕೆಯಲ್ಲಿ ಕೂತ ಸ್ಟೋಮಾದ ಚೀಲ ಪದೇ ಪದೇ ಬಿಡುತ್ತೆ, ಚರ್ಮ ಸುಡುತ್ತೆ. ಸ್ಟೋಮಾ ನರ್ಸ್ ಇದ್ದರೆ ಒಂದು ಖಾಲಿ ಚೀಲ ಕೇಳಿ ತಂದು, ಅಂಟಿಸಿಕೊಂಡು ಒಂದು ದಿನ ಓಡಾಡಿ ನೋಡಿ. ಭಯ ಅರ್ಧ ಇಳಿಯುತ್ತೆ.

ಮನೆಗೆ ಬೇಗ ಬರುವುದಾ, ಒಂದೆರಡು ದಿನ ಜಾಸ್ತಿ ಉಳಿಯುವುದಾ?

ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಶುರು ಮಾಡಿದ ಬೇಗ ಚೇತರಿಸುವ ಪದ್ಧತಿ ಈಗ ಬಹಳ ಕಡೆ ಇದೆ. ಅದೇ ದಿನ ಇಲ್ಲವೇ ಮರುದಿನ ಎಬ್ಬಿಸಿ ನಡೆಸುತ್ತಾರೆ, ಬೇಗ ಕುಡಿಯಲು, ತಿನ್ನಲು ಕೊಡುತ್ತಾರೆ, ನಳಿಕೆಗಳನ್ನು ಬೇಗ ತೆಗೆಯುತ್ತಾರೆ. ಇದನ್ನು ನಿರ್ಲಕ್ಷ್ಯ ಅಂದುಕೊಳ್ಳಬೇಡಿ. ನೋವು ಮಾತ್ರೆಯಿಂದಲೇ ತಡೆಯುತ್ತಿದ್ದರೆ, ಊಟ ಒಳಗೆ ನಿಲ್ಲುತ್ತಿದ್ದರೆ, ಗಾಳಿ ಹೋಗುತ್ತಿದ್ದರೆ, ಮನೆಯಲ್ಲಿ ಒಬ್ಬರು ಜೊತೆಗಿದ್ದರೆ ಬೇಗ ಬರುವುದೇ ಸರಿ. ಒಬ್ಬರೇ ಇರುವವರು, ಆಸ್ಪತ್ರೆಯಿಂದ ಬಹಳ ದೂರ ಇರುವವರು ಇನ್ನೊಂದೆರಡು ದಿನ ಉಳಿಯುವ ಬಗ್ಗೆ ಆಪರೇಷನ್‌ಗೆ ಮುಂಚೆಯೇ ಮಾತಾಡಿಡಿ. ಕ್ಯಾನ್ಸರ್ ಆಪರೇಷನ್ ಆದರೆ ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ಒಟ್ಟು 28 ದಿನ ಬೇಕಾಗಬಹುದು. ಮನೆಯಲ್ಲಿ ಯಾರು ಚುಚ್ಚುತ್ತಾರೆ ಅಂತ ಮೊದಲೇ ಗೊತ್ತುಮಾಡಿ, ಅವರಿಗೆ ಕಲಿಸಿಕೊಡಲು ಹೇಳಿ.

ಬೇಗ ಮನೆಗೆ ಬಂದರೆ ಒಂದು ಎಚ್ಚರ ಬೇಕು. ಕರುಳು ಜೋಡಿಸಿದ ಕಡೆ ಸೋರುವುದು ಕೆಲವರಿಗೆ ಮನೆಗೆ ಬಂದ ಮೇಲೆ ಗೊತ್ತಾಗುತ್ತೆ. ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ನೋವು ಜಾಸ್ತಿಯಾದರೆ, ಜ್ವರ ಅಥವಾ ಚಳಿ ಬಂದರೆ, ಎದೆಬಡಿತ ಕೂತಲ್ಲೇ ಜೋರಾದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಗಾಳಿ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಹೊತ್ತಿನಲ್ಲೂ ಎತ್ತುವ ವಾರ್ಡಿನ ನಂಬರನ್ನು ಅಡ್ಮಿಟ್ ಆಗುವ ದಿನವೇ ಕೇಳಿ ಬರೆದುಕೊಳ್ಳಿ, ಮನೆಯಲ್ಲಿರುವ ಎಲ್ಲರ ಫೋನಿಗೂ ಅದನ್ನು ಹಾಕಿಡಿ.